ಹಿಂಗಾಜಿನಲ್ಲಿ ವಿರಾಜಮಾನರಾದ ಸ್ಟಿಕ್ಕರ್ ಮಹಾಶಯರಿಗೆ

ಮಾನ್ಯರೇ,

ತಾವು ಕ್ಷೇಮವಾಗಿರುವುದನ್ನು ನಾನು ದಿನವೂ ಕಣ್ಣಾರೆ ಕಾಣುತ್ತಿದ್ದೇನೆ. ಮಂಗಳೂರಿನ ನಂತೂರಿನಲ್ಲಿ, ಪಂಪ್‌ವೆಲ್ಲಿನಲ್ಲಿ, ಹಂಪನಕಟ್ಟೆಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಾಗಲೆಲ್ಲ ಮೊದಲು ಲಭಿಸುವುದು ತಮ್ಮ ದರ್ಶನವೇ. ಕಾರಿನ ಹಿಂಗಾಜಿನ ತುಂಬ ಹರಡಿದ ಒನ್ ವೇ ವಿಷನ್ ಹಾಳೆಯಲ್ಲಿ, ಬೈಕಿನ ಟ್ಯಾಂಕಿನ ಮೇಲೆ, ರಿಕ್ಷಾದ ಬೆನ್ನಿನಲ್ಲಿ, ಸಿಟಿ ಬಸ್ಸಿನ ಎದುರುಗಾಜಿನ ಮೇಲುಪಟ್ಟಿಯಲ್ಲಿ ತಾವು ಪಂಜುರ್ಲಿಯಾಗಿ, ಗುಳಿಗನಾಗಿ, ಜುಮಾದಿಯಾಗಿ, ಕೊರಗಜ್ಜನಾಗಿ ಕಾಣಿಸಿಕೊಳ್ಳುತ್ತೀರಿ. ಹಿಂದೆ ನಿಂತವರು ಬೇಡವೆಂದರೂ ತಮ್ಮ ಕಣ್ಣಿಗೆ ಕಣ್ಣು ಕೊಟ್ಟು ನಿಲ್ಲಲೇಬೇಕು. ಹೀಗೆ ನಿಂತು ನಿಂತು ನನ್ನ ಮನಸ್ಸಿನಲ್ಲಿ ಕೂಡಿದ ಕೆಲವು ಅರಿಕೆಗಳನ್ನು ತಮ್ಮ ಪಾದಕ್ಕೆ ಒಪ್ಪಿಸಲು ಈ ಪತ್ರ. ದೊಡ್ಡ ಮನಸ್ಸು ಮಾಡಿ ಕೊನೆಯ ತನಕ ಓದಬೇಕು.

ಮೊದಲು ಕೃತಜ್ಞತೆ. ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ತುಳುನಾಡಿನ ದೈವಗಳ ಹೆಸರೇ ಮರೆತುಹೋಗುತ್ತದೇನೋ ಎಂಬ ಅಂಜಿಕೆ ಒಂದು ಕಾಲಕ್ಕೆ ಇತ್ತು. 2022ರ ಸೆಪ್ಟೆಂಬರ್ ಕೊನೆಯಲ್ಲಿ ‘ಕಾಂತಾರ’ ಸಿನಿಮಾ ಬಂತು. ಅದರ ಬೆನ್ನಿಗೇ ತಾವು ರೇಡಿಯಂ ಅಂಗಡಿಗಳಿಂದ ಹಿಂಡುಹಿಂಡಾಗಿ ಹೊರಟಿರಿ. ಈಗ ಘಟ್ಟದ ಮೇಲಿನ ಮಕ್ಕಳಿಗೂ ಪಂಜುರ್ಲಿ ಗೊತ್ತು. ಅಜ್ಜನ ಮನೆಯ ನೇಮಕ್ಕೆ, ಅಂದರೆ ದೈವದ ಉತ್ಸವಕ್ಕೆ, ಬರಲು ನಾಚುತ್ತಿದ್ದ ಹುಡುಗರು ಈಗ ರಜೆ ಹಾಕಿ ಬರುತ್ತಾರೆ. ಇದರಲ್ಲಿ ತಮ್ಮ ಪಾಲೂ ಇದೆ. ಅದನ್ನು ಮರೆತು ಮಾತಾಡಿದರೆ ನಾನು ಕೃತಘ್ನನಾಗುತ್ತೇನೆ.

ಆದರೆ ಮಾನ್ಯರೇ, ಹೆಸರು ನಾಲ್ಕು ಬೇರೆ ಬೇರೆ, ಮುಖ ಮಾತ್ರ ಒಂದೇ ಯಾಕೆ? ಅಡಿಯಲ್ಲಿ ಬರೆದ ಅಕ್ಷರ ಮುಚ್ಚಿದರೆ ತಾವು ಪಂಜುರ್ಲಿಯೋ ಗುಳಿಗನೋ ಹೇಳಲು ನನ್ನಿಂದಾಗುವುದಿಲ್ಲ. ಹುಬ್ಬು ಗಂಟಿಕ್ಕಿ, ಕಣ್ಣಿನಿಂದ ಕಿತ್ತಳೆ ಬಣ್ಣದ ಬೆಂಕಿ ಚಿಮ್ಮಿಸಿ, ಹಲ್ಲು ಕಚ್ಚಿ, ಕತ್ತಿನ ನರ ಉಬ್ಬಿಸಿಕೊಂಡ ಅದೇ ಮುಖ. ಪಂಜುರ್ಲಿ ಎಂದರೆ ಹಂದಿ. ಪಾರ್ವತಿ ಮುದ್ದಿನಿಂದ ಸಾಕಿದ ಹಂದಿಮರಿ ಈಶ್ವರನ ತೋಟವನ್ನೇ ಹಾಳುಮಾಡಿತು. ಅವನ ಸಿಟ್ಟಿಗೆ ಗುರಿಯಾಗಿ, ಪಾರ್ವತಿಯ ಮೊರೆಯಿಂದ ಉಳಿದು, ಊರು ಕಾಯಲೆಂದು ಭೂಮಿಗಿಳಿಯಿತು. ದೈವದ ಕತೆ ಹಾಡುವ ಪಾಡ್ದನ ಹೇಳುವುದು ಹೀಗೆ. ಬೆಳೆ ತಿನ್ನುವ ಪ್ರಾಣಿಯೇ ಬೆಳೆ ಕಾಯುವ ದೈವವಾದ ಕತೆ ಅದು. ಆ ದೈವದ ಮುಗದಲ್ಲಿ, ಅಂದರೆ ಲೋಹದ ಮುಖವಾಡದಲ್ಲಿ, ಚಾಚಿದ ಮೂತಿ ಇದೆ, ಕೋರೆ ಇದೆ, ನಿಮಿರಿದ ಕಿವಿ ಇದೆ. ನೋಡುತ್ತ ನಿಂತರೆ ಒಂದು ಬಗೆಯ ಮುಗ್ಧತೆಯೂ ಕಾಣುತ್ತದೆ. ತಾವು ಕೋರೆ ಒಂದನ್ನು ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಜಿಮ್ಮಿಗೆ ಹೋಗುವ ಗಂಡಸಿಗೆ ಕೊಟ್ಟುಬಿಟ್ಟಿದ್ದೀರಿ.

ಜುಮಾದಿಯ ವಿಷಯದಲ್ಲಿ ನನಗಾದ ನೋವು ಇದಕ್ಕಿಂತ ಹೆಚ್ಚು. ಜುಮಾದಿ ಗಂಡೂ ಹೌದು, ಹೆಣ್ಣೂ ಹೌದು. ಮುಖದಲ್ಲಿ ಮೀಸೆ, ಎದೆಯ ಮೇಲೆ ಸ್ತನಗಳಿರುವ ಲೋಹದ ಹಲಗೆ. ಅಂಗಳದಲ್ಲಿ ನೆರೆದ ನೂರಾರು ಜನರಿಗೆ ಅದರಲ್ಲಿ ಅಚ್ಚರಿಯಿಲ್ಲ, ಮುಜುಗರವಿಲ್ಲ. ಎಂಟು ವರ್ಷದ ಮಗುವಿನಿಂದ ಎಂಬತ್ತರ ಅಜ್ಜಿಯ ತನಕ ಎಲ್ಲರೂ ಹಾಗೆಯೇ ಕೈ ಮುಗಿಯುತ್ತಾರೆ. ಇಂಥ ರೂಪವನ್ನು ಕಲ್ಪಿಸಿ, ಎರಕ ಹೊಯ್ದು, ಊರ ನಡುವೆ ನಿಲ್ಲಿಸಿದ ಜನರ ಎದೆಗಾರಿಕೆ ದೊಡ್ಡದು. ತಮ್ಮ ಹಾಳೆಯಲ್ಲಿ ಆ ಎದೆಹಲಗೆ ಕಾಣೆಯಾಗಿದೆ, ಮೀಸೆ ಮಾತ್ರ ದಪ್ಪವಾಗಿದೆ. ಜುಮಾದಿಯ ಅರ್ಧ ಮೈಯನ್ನು ಯಾರ ಅಪ್ಪಣೆ ಪಡೆದು ಅಳಿಸಿದಿರಿ ಎಂದು ಕೈಮುಗಿದೇ ಕೇಳುತ್ತೇನೆ.

ಗುಳಿಗನಿಗಂತೂ ಬಹುಪಾಲು ಕಡೆ ಮೂರ್ತಿಯೇ ಇಲ್ಲ. ಮರದ ಬುಡದಲ್ಲಿ ಒಂದು ಕಲ್ಲು, ಮೇಲೆ ಬಯಲು ಆಕಾಶ. ದೈವಸ್ಥಾನದ ಒಳಗೆ ಹೋದರೂ ಎಷ್ಟೋ ಕಡೆ ಕಾಣುವುದು ಬರಿಯ ಮಂಚ, ತೂಗುವ ಉಯ್ಯಾಲೆ, ಕತ್ತಿ, ಗಂಟೆ. ಕುಳಿತವರು ಕಾಣುವುದಿಲ್ಲ, ಕುಳಿತುಕೊಳ್ಳುವ ಜಾಗ ಕಾಣುತ್ತದೆ. ಸಾಂಚಿಯ ತೋರಣಗಳಲ್ಲಿಯೂ ಬುದ್ಧನಿರಬೇಕಾದಲ್ಲಿ ಬರಿದಾದ ಪೀಠ, ಬೋಧಿವೃಕ್ಷ, ಹೆಜ್ಜೆಗುರುತುಗಳಿವೆ. ಎರಡು ಸಾವಿರ ವರ್ಷದ ಹಿಂದಿನ ಆ ಶಿಲ್ಪಿಗಳಿಗೆ ಮನುಷ್ಯರೂಪ ಕಡೆಯಲು ಬಾರದೆ ಹಾಗೆ ಮಾಡಿದ್ದಲ್ಲ. ಅದೇ ತೋರಣದಲ್ಲಿ ಯಕ್ಷಿಯರು ಮೈತುಂಬಿ ನಿಂತಿದ್ದಾರೆ. ಎಲ್ಲಿ ಚಿತ್ರ ಬರೆಯಬೇಕು, ಎಲ್ಲಿ ಕೈ ತಡೆಯಬೇಕು ಎಂದು ಅವರು ಬಲ್ಲರು. ನಮ್ಮ ಹಿರಿಯರೂ ಬಲ್ಲರು. ತಾವು ಮಾತ್ರ ಖಾಲಿ ಜಾಗ ಕಂಡಲ್ಲೆಲ್ಲ ಒಂದು ಮುಖ ಅಂಟಿಸುತ್ತ ನಡೆದಿದ್ದೀರಿ.

ಇನ್ನು ತಮ್ಮ ಸಿಟ್ಟಿನ ವಿಷಯ. ತಮ್ಮ ವಂಶದ ಹಿರಿಯಣ್ಣ ಹುಟ್ಟಿದ್ದು ನಮ್ಮ ನೆರೆಯಲ್ಲೇ, ಕಾಸರಗೋಡಿನ ಕುಂಬಳೆಯಲ್ಲಿ. 2015ರ ಚೌತಿಯ ಹೊತ್ತಿಗೆ ಊರಿನ ಗೆಳೆಯರ ಬಳಗದ ಧ್ವಜಕ್ಕೆಂದು ಗ್ರಾಫಿಕ್ ಕಲಾವಿದ ಕರಣ್ ಆಚಾರ್ಯ ಅವರು ಕಪ್ಪು–ಕೇಸರಿಯಲ್ಲಿ ಒಂದು ಹನುಮಂತನ ಮುಖ ಬರೆದುಕೊಟ್ಟರು. ಅದು ಕೋಪವಲ್ಲ, ಠೀವಿ ಎಂಬುದು ಅವರ ವಿವರಣೆ. ಆ ಮುಖ ಅವರ ಕೈ ತಪ್ಪಿ, ಅವರನ್ನು ಕೇಳದೆಯೇ, ಬೆಂಗಳೂರಿನ ಕಾರುಗಳಿಗೂ ಅಲ್ಲಿಂದ ದೇಶದ ಉದ್ದಗಲಕ್ಕೂ ಹರಡಿತು. ಬರೆದವರು ಠೀವಿ ಎಂದರು, ಅಂಟಿಸಿದವರು ಸಿಟ್ಟು ಎಂದುಕೊಂಡರು, ಅಂಗಡಿಯವರು ಸಿಟ್ಟನ್ನೇ ಮಾರಿದರು. ನಾನು ಅವರನ್ನು ದೂರುವುದಿಲ್ಲ. ಗೆಳೆಯರು ಕೇಳಿದ್ದಕ್ಕೆ ಒಂದು ಚಿತ್ರ ಬರೆದುಕೊಟ್ಟವರು ಅವರು. ದೂರುವುದು ತಮ್ಮನ್ನು: ಕೈಮುಗಿದು ನಿಂತ ದಾಸಾಂಜನೇಯನನ್ನೂ ಸಂಜೀವಿನಿ ಹೊತ್ತು ಹಾರುವ ಹನುಮನನ್ನೂ ಬದಿಗೆ ಸರಿಸಿದ ಮೇಲೆ, ಅದೇ ಹುಬ್ಬು ಅದೇ ಕಣ್ಣುಗಳನ್ನು ತಂದು ನಮ್ಮ ದೈವಗಳಿಗೂ ಹಚ್ಚಿದಿರಲ್ಲ, ಅದಕ್ಕೆ.

ಅದೇ ಕುಂಬಳೆಯ ಪಕ್ಕದಲ್ಲಿ ಆರಿಕ್ಕಾಡಿ ಇದೆ. ಅಲ್ಲಿ ಆಲಿ ಭೂತ ಮುಸಲ್ಮಾನನ ವೇಷದಲ್ಲಿ ಬರುತ್ತದೆ. ಅದನ್ನು ಕಾಣಲು ಹಿಂದೂಗಳೊಡನೆ ಮುಸಲ್ಮಾನರೂ ಬಂದು ನಿಲ್ಲುತ್ತಾರೆ. ನಮ್ಮ ಮೊಗವೀರರು ಕಡಲ ಕರೆಯಲ್ಲಿ ಆರಾಧಿಸುವ ಬೊಬ್ಬರ್ಯನ ಪಾಡ್ದನವೂ ಒಬ್ಬ ಬ್ಯಾರಿ ವ್ಯಾಪಾರಿಯ ಮನೆಯ ಕತೆ. ಈ ಇಬ್ಬರ ಸ್ಟಿಕ್ಕರುಗಳನ್ನು ನಾನು ಪಂಪ್‌ವೆಲ್ಲಿನ ವಾಹನಸಾಲಿನಲ್ಲಿ ಹುಡುಕಿ ಸೋತಿದ್ದೇನೆ. ತಾವು ದಯವಿಟ್ಟು ಇದಕ್ಕೆ ಕಾರಣ ತಿಳಿಸಬೇಕು.

ನೇಮದ ಅಂಗಳದಲ್ಲಿಯೂ ಸಿಟ್ಟಿದೆ, ಇಲ್ಲವೆಂದವರು ಯಾರು? ದೈವ ಅಬ್ಬರಿಸುತ್ತದೆ, ಕುಣಿದು ನೆಲ ಅದುರಿಸುತ್ತದೆ, ಬೆಂಕಿಯ ಮೇಲೆ ಬೀಳುತ್ತದೆ. ಆದರೆ ಆ ಸಿಟ್ಟಿಗೆ ಎದುರು ಒಬ್ಬರು ನಿಂತಿರುತ್ತಾರೆ. ಗಡಿ, ಅಂದರೆ ಮನೆತನದ ಅಧಿಕಾರ, ಹಿಡಿದ ಯಜಮಾನ ಕೈಮುಗಿದು, ತಪ್ಪಾಗಿದ್ದರೆ ಒಪ್ಪಿಕೊಂಡು, ತಪ್ಪಿಲ್ಲದಿದ್ದರೆ ಅದನ್ನೂ ವಿನಯದಿಂದಲೇ ಹೇಳಿ, ಮಾತಿಗೆ ಮಾತು ಕೊಡುತ್ತಾನೆ. ದೈವ ಕೇಳುತ್ತದೆ, ನುಡಿ ಕೊಡುತ್ತದೆ. ಜಾಗದ ತಕರಾರು, ಅಣ್ಣತಮ್ಮಂದಿರ ಮುನಿಸು, ಮಗಳಿಗೆ ಮದುವೆ ಕೂಡಿಬರದ ಚಿಂತೆ, ಎಲ್ಲಕ್ಕೂ ಅಲ್ಲಿ ಕಿವಿಯಿದೆ. ಬೆಳಗಾಗುವ ಹೊತ್ತಿಗೆ ಸಿಟ್ಟು ತಣ್ಣಗಾಗಿ, ಗಂಧಪ್ರಸಾದ ಕೈಗೆ ಬಂದು, ‘ನಾನಿದ್ದೇನೆ’ ಎಂಬ ಅಭಯ ಸಿಕ್ಕಿರುತ್ತದೆ. ತಮ್ಮ ಸಿಟ್ಟು ತಣಿಯುವುದು ಯಾವಾಗ? ನಾನು ಒಂದು ಕಷ್ಟ ಹೇಳಿಕೊಂಡರೆ ಕೇಳಲು ತಮಗೆ ಕಿವಿ ಬರೆದಿದ್ದಾರೆಯೇ? ಹಿಂದಿನಿಂದ ಸ್ಕೂಟರಿನಲ್ಲಿ ಬರುವ ಹೆಂಗಸನ್ನು, ಶಾಲೆಗೆ ಹೋಗುವ ಮಕ್ಕಳ ವ್ಯಾನನ್ನು ತಾವು ಅದೇ ಕಣ್ಣಿನಿಂದ ಗದರಿಸುತ್ತ ಸಾಗುತ್ತೀರಿ. ಅವರು ತಮಗೆ ಮಾಡಿದ ತಪ್ಪೇನು?

ತಮ್ಮನ್ನು ಮಾಡುವ ಬಗೆಯನ್ನು ನಾನು ಅಂಗಡಿಯಲ್ಲಿ ಕುಳಿತು ನೋಡಿದ್ದೇನೆ. ಫೋನಿನಲ್ಲಿ ಒಂದು ಚಿತ್ರ ತೋರಿಸಿ ‘ಇದೇ ಬೇಕು’ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಅಳತೆ ಹಿಗ್ಗಿಸುತ್ತಾರೆ. ವಿನೈಲ್ ಹಾಳೆ ಯಂತ್ರದೊಳಗೆ ಸರಸರ ಹಿಂದೆ ಮುಂದೆ ಓಡಿ, ಸಣ್ಣ ಬ್ಲೇಡು ಅಂಚು ಕತ್ತರಿಸಿ, ತಾವು ಹೊರಬರುತ್ತೀರಿ. ಸೋಪುನೀರು ಚಿಮುಕಿಸಿ ಗಾಜಿಗೆ ಒತ್ತಿದರೆ ಕೆಲಸ ಮುಗಿಯಿತು. ಅಲ್ಲಿ ದುಡಿಯುವ ಹುಡುಗರು ಶ್ರಮಜೀವಿಗಳು, ಅವರ ಹೊಟ್ಟೆಪಾಡಿಗೆ ನನ್ನ ಗೌರವವಿದೆ.

ಈಗ ತಾವು ಇನ್ನೊಂದು ಜಾಗಕ್ಕೆ ಬರಬೇಕು. ನೇಮದ ರಾತ್ರಿ, ಅಂಗಳದ ಬದಿಯಲ್ಲಿ ತೆಂಗಿನ ಮಡಲು ಕಟ್ಟಿದ ಒಂದು ಮರೆ. ಎಣ್ಣೆಬೂಳ್ಯ ಆಗಿದೆ, ಎಂದರೆ ಇಂದು ಈ ದೈವವನ್ನು ಮೈಯಲ್ಲಿ ಹೊರಲು ಈ ಮನುಷ್ಯನಿಗೆ ಊರಿನ ಮುಂದೆ ಎಣ್ಣೆ, ವೀಳ್ಯ ಕೊಟ್ಟು ಅಧಿಕಾರ ಒಪ್ಪಿಸಿದ್ದಾರೆ. ಆತ ದೈವ ಕಟ್ಟುವ ಸಮುದಾಯದವನು: ನಲಿಕೆಯವನು, ಇಲ್ಲವೇ ಪರವ, ಇಲ್ಲವೇ ಪಂಬದ. ಚಾಪೆಯ ಮೇಲೆ ಕುಳಿತು, ಎಡಗೈಯಲ್ಲಿ ಅಂಗೈಯಗಲದ ಕನ್ನಡಿ ಹಿಡಿದು, ಮೊದಲು ಮುಖಕ್ಕೆಲ್ಲ ಅರದಾಳದ ಹಳದಿ ಬಳಿಯುತ್ತಾನೆ. ಅದು ಆರುವ ತನಕ ಯಾರೊಂದಿಗೂ ಮಾತಿಲ್ಲ. ಆಮೇಲೆ ತೆಂಗಿನ ಗರಿಯ ಕಡ್ಡಿಯ ತುದಿಯನ್ನು ಕಪ್ಪಿನಲ್ಲಿ ಅದ್ದಿ ಹುಬ್ಬಿನಿಂದ ಕೆನ್ನೆಗೆ ಒಂದು ಗೆರೆ ಎಳೆಯುತ್ತಾನೆ. ಉಸಿರು ಬಿಗಿ ಹಿಡಿದು ಎಳೆದ ಗೆರೆ ಅದು. ಕೆಂಪು ತುಂಬುತ್ತಾನೆ, ಬಿಳಿಯ ಚುಕ್ಕೆ ಇಡುತ್ತಾನೆ. ಯಾವ ದೈವಕ್ಕೆ ಯಾವ ಗೆರೆ ಎಂಬುದನ್ನು ಅವನಿಗೆ ಅಪ್ಪನೋ ಮಾವನೋ ಕಲಿಸಿರುತ್ತಾರೆ. ಬಗಲಲ್ಲೇ ಅವನ ಮನೆಯ ಹೆಂಗಸು ತೆಂಬರೆ ಎಂಬ ವಾದ್ಯ ಬಡಿಯುತ್ತ ಅದೇ ದೈವದ ಪಾಡ್ದನ ಹೇಳುತ್ತಿರುತ್ತಾಳೆ: ಎಲ್ಲಿ ಹುಟ್ಟಿತು, ಯಾವ ಹೊಳೆ ದಾಟಿತು, ಯಾವ ಬೀಡಿಗೆ ಬಂತು, ಯಾರಿಗೆ ಒಲಿಯಿತು, ಯಾರ ಮೇಲೆ ಮುನಿಯಿತು. ಕತೆ ಬೆಳೆದಂತೆ ಮುಖ ತುಂಬುತ್ತದೆ. ಕಿವಿಯಲ್ಲಿ ಪಾಡ್ದನ ಬೀಳುತ್ತಿರುವಾಗಲೇ ಕೈ ಬಣ್ಣ ಹಚ್ಚುತ್ತದೆ. ಕತೆಯಿಲ್ಲದೆ ಆ ಮುಖವಿಲ್ಲ.

ಇದಾದ ಮೇಲೆ ಎಳೆ ತೆಂಗಿನ ಗರಿ ಸೀಳಿ ಮಾಡಿದ ಸಿರಿಯನ್ನು ಸೊಂಟಕ್ಕೆ ಕಟ್ಟುತ್ತಾರೆ. ಬೆನ್ನಿಗೆ ಅಣಿ ಎಂಬ ಪ್ರಭಾವಳಿ ಏರುತ್ತದೆ. ಯಜಮಾನನ ಕೈಯಿಂದ ಗಗ್ಗರ ಎಂಬ ಗೆಜ್ಜೆ ಪಡೆದು ಕಾಲಿಗೆ ಕಟ್ಟಿಕೊಂಡಾಗ ಚಿತ್ರ ಮುಗಿದು ದೈವ ಮೊದಲಾಗುತ್ತದೆ. ಎಲ್ಲಿ ಗೆರೆ, ಎಲ್ಲಿ ಮೈ, ಎಲ್ಲಿ ಧ್ವನಿ ಎಂದು ಆ ಹೊತ್ತಿಗೆ ಬೇರೆ ಮಾಡಲು ಬರುವುದಿಲ್ಲ. ಬೆಳಗಿನ ಜಾವ ಬಣ್ಣ ಬೆವರಿನೊಡನೆ ಇಳಿಯುತ್ತದೆ, ಸಿರಿ ಬಾಡುತ್ತದೆ. ತೆಂಗಿನೆಣ್ಣೆ ಹಚ್ಚಿ ಮುಖ ಒರೆಸಿಕೊಂಡು ಆತ ಮನೆಗೆ ನಡೆಯುತ್ತಾನೆ. ಮುಂದಿನ ವರ್ಷ ಮತ್ತೆ ಮೊದಲಿನಿಂದ. ಇಷ್ಟು ದುಡಿದು ಇಷ್ಟು ಸುಲಭದಲ್ಲಿ ಅಳಿಸುವ ಕಲೆಯೊಂದು ನಮ್ಮ ಜಿಲ್ಲೆಯಲ್ಲಿದೆ ಎಂಬುದೇ ನನ್ನ ಹೆಮ್ಮೆ.

ಶ್ರೀಲಂಕಾದಲ್ಲಿ ಬುದ್ಧನ ಮೂರ್ತಿಗೆ ಕಣ್ಣು ಬರೆಯುವ ನೇತ್ರಮಂಗಲ ಎಂಬ ವಿಧಿಯಿದೆ. ಮಿಕ್ಕ ಎಲ್ಲ ಕೆಲಸ ಮುಗಿದ ಮೇಲೆ ಕಲಾವಿದ ಮೂರ್ತಿಗೆ ಬೆನ್ನು ಹಾಕಿ, ಕನ್ನಡಿಯಲ್ಲಿ ನೋಡುತ್ತ ಕಣ್ಣು ಬರೆಯುತ್ತಾನೆ. ಆ ಮೊದಲ ನೋಟ ಯಾವ ಮನುಷ್ಯನ ಮೇಲೂ ನೇರವಾಗಿ ಬೀಳಬಾರದು ಎಂಬ ಎಚ್ಚರ ಅದು. ಕಣ್ಣು ಎಂದರೆ ಅಷ್ಟು ಹೊಣೆ. ತಮ್ಮಲ್ಲಿ ಮೊದಲು ಅಚ್ಚಾಗುವುದೇ ಕಣ್ಣು. ಕೆಲವೊಮ್ಮೆ ಕಣ್ಣು ಬಿಟ್ಟರೆ ಬೇರೇನೂ ಇರುವುದಿಲ್ಲ.

ತಾವು ಈಗ ಒಂದು ಮಾತು ಕೇಳಬಹುದು, ನ್ಯಾಯವಾದ ಮಾತೇ: ‘ಲೋಹದ ಮುಗ ಅಳಿಯುತ್ತದೆಯೇ? ಮರದ ಮೂರ್ತಿ ರಾತ್ರೋರಾತ್ರಿ ಬಾಡುತ್ತದೆಯೇ? ಅವಕ್ಕಿಲ್ಲದ ತಕರಾರು ನನಗೊಬ್ಬನಿಗೇಕೆ?’ ಸ್ವಾಮೀ, ಮುಗ ವರ್ಷದ ಹೆಚ್ಚಿನ ದಿನ ದೈವದ ಒಡವೆಗಳ ಭಂಡಾರದೊಳಗೆ ಬೀಗದಲ್ಲಿರುತ್ತದೆ. ನೇಮದಂದು ವಾದ್ಯ, ದೀವಟಿಗೆಗಳೊಡನೆ ಭಂಡಾರ ಇಳಿದಾಗಷ್ಟೇ ಹೊರಗೆ ಬರುತ್ತದೆ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನಲ್ಲಿ ನೂರಕ್ಕೂ ಹೆಚ್ಚು ಮರದ ಮೂರ್ತಿಗಳಿವೆ, ಕೆಂಪು ಹಚ್ಚಿದ ಆಳೆತ್ತರದವೂ ಇವೆ. ಹಳತಾದವನ್ನು ಬದಲಿಸಿ ಹೊಸತನ್ನು ಕೆತ್ತಿದಾಗ ಕೆಲವು ಹಳೆಯ ಮೂರ್ತಿಗಳು ದಿಲ್ಲಿಯ ಕರಕುಶಲ ವಸ್ತುಸಂಗ್ರಹಾಲಯಕ್ಕೆ ಹೋದವು. ಮರಕ್ಕೂ ಆಯುಸ್ಸಿದೆ ಎಂದು ಆ ಕ್ಷೇತ್ರ ಒಪ್ಪಿಕೊಂಡಿತ್ತು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಜೂನಿ ಎಂಬ ಬುಡಕಟ್ಟಿನವರು ಆಹಾಯುದ ಎಂಬ ಕಾವಲು ದೇವರನ್ನು ಮರದಲ್ಲಿ ಕೆತ್ತಿ ಬಯಲಿನಲ್ಲಿಟ್ಟು ಬರುತ್ತಾರೆ. ಮಳೆ ಬಿಸಿಲಿಗೆ ಅದು ಮೆಲ್ಲಮೆಲ್ಲನೆ ಮಣ್ಣಾಗಬೇಕು, ಆಗಲೇ ಅದರ ಕೆಲಸ ಪೂರ್ತಿ. ಅಂಥ ಮೂರ್ತಿಗಳನ್ನು ಕದ್ದು, ಕೊಂಡು, ಮ್ಯೂಸಿಯಂಗಳು ಜೋಪಾನ ಮಾಡಿಟ್ಟಿದ್ದವು. 1978ರಿಂದ ಜೂನಿಗಳು ಒಂದೊಂದೇ ಬಾಗಿಲು ತಟ್ಟಿ ಹಿಂದಕ್ಕೆ ಕೇಳಿದರು; ಹಲವು ಮೂರ್ತಿಗಳು ಮನೆಗೆ ಮರಳಿ ಬಯಲಿಗೆ ಸೇರಿದವು. ದೈವರೂಪಕ್ಕೆ ಹುಟ್ಟಿನಂತೆ ಕೊನೆಗೂ ಒಂದು ಕ್ರಮ ಬೇಕು. ತಮ್ಮ ಕೊನೆ ಹೇಗೆ? ಸರ್ವಿಸ್ ಸ್ಟೇಷನ್ನಿನಲ್ಲಿ ನೀರಿನ ಪೈಪು ನೇರ ಮುಖಕ್ಕೆ ಹಿಡಿಯುತ್ತಾರೆ. ಕಾರು ಕೈ ಬದಲಾದರೆ ಬ್ಲೇಡಿನಿಂದ ಕೆರೆಯುತ್ತಾರೆ. ಕೊರಗಜ್ಜನ ಅರ್ಧ ಮುಖ ಚರಂಡಿಯ ಬದಿಯಲ್ಲಿ ಬಿದ್ದಿದ್ದನ್ನು ಕಂಡ ದಿನ ನನಗೆ ಊಟ ಸೇರಲಿಲ್ಲ.

ಕೊರಗಜ್ಜನ ಹೆಸರು ಬಂತು, ಹೇಳಿಯೇ ಬಿಡುತ್ತೇನೆ. ಮಂಗಳೂರಿನಿಂದ ನೇತ್ರಾವತಿ ದಾಟಿದರೆ ಸಿಗುವ ಕುತ್ತಾರಿನ ಅವರ ಆದಿಸ್ಥಳದಲ್ಲಿ ಮೂರ್ತಿಯಿಲ್ಲ, ಕಟ್ಟೆಯಿದೆ. ಕೋಲ ಎಂಬ ಆರಾಧನೆಯ ರಾತ್ರಿ ಅಲ್ಲಿ ಬೆಳಕು ಹಾಕುವಂತಿಲ್ಲ. ಆ ದಾರಿಯಲ್ಲಿ ಹೋಗುವ ವಾಹನಗಳೂ ದೀಪ ಆರಿಸಿ ಸಾಗುವ ಕ್ರಮವಿದೆ. ಆ ದೈವ ತನ್ನ ಕೋಲಕ್ಕೆ ಕತ್ತಲೆಯನ್ನೇ ಆರಿಸಿಕೊಂಡಿದೆ. ತಾವು ಅದೇ ದೈವವನ್ನು ಹೊಳೆಯುವ ಹಾಳೆಯಲ್ಲಿ ಕತ್ತರಿಸಿ, ಹಿಂದಿನ ವಾಹನದ ಹೆಡ್‌ಲೈಟ್ ಬಿದ್ದರೆ ಮಿಂಚುವಂತೆ ಮಾಡಿದ್ದೀರಿ. ಇದನ್ನು ಭಕ್ತಿ ಎಂದೇ ಮಾಡಿದಿರಿ, ನಾನು ಬಲ್ಲೆ. ಆದರೆ ಯಾರ ಮೇಲೆ ಭಕ್ತಿಯೋ ಅವರ ಇಷ್ಟವೇನು ಎಂದು ಒಮ್ಮೆ ಕೇಳಬಾರದಿತ್ತೇ?

ಪಾಡ್ದನದಲ್ಲಿ ಅವರು ತನಿಯ. ಕೊರಗರ ಹುಡುಗ. ದಿಕ್ಕಿಲ್ಲದವನನ್ನು ಮೈರಕ್ಕೆ ಬೈದೆತಿ ಎಂಬ ತಾಯಿ ಮನೆಗೆ ಕರೆತಂದು ಸಾಕಿದಳು. ಹಲವರು ಹೊರುವ ಹೊರೆಯನ್ನು ಒಬ್ಬನೇ ಹೊತ್ತ ತರುಣ, ಕೆಲಸದ ನಡುವೆಯೇ ಮಾಯಕವಾಗಿ ದೈವವಾದ. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಕಪ್ಪು ಮೈ. ತಮ್ಮ ಇತ್ತೀಚಿನ ಅವತಾರಗಳಲ್ಲಿ ಆ ಮೈ ವರ್ಷ ವರ್ಷವೂ ಬೆಳ್ಳಗಾಗುತ್ತಿದೆ. ತಲೆಯ ಹಿಂದೆ ಚಿನ್ನದ ಪ್ರಭೆ ಬಂದಿದೆ. ಮುಟ್ಟಾಳೆಗೆ ಕಿರೀಟದ ಮೆರುಗು ಬಂದಿದೆ. ದುಡಿಯುವ ಹುಡುಗನ ಮೈಯಿಂದ ದುಡಿಮೆಯ ಗುರುತನ್ನೆಲ್ಲ ತೊಳೆದು ಯಾರಿಗೆ ಒಪ್ಪಿಸುತ್ತಿದ್ದೀರಿ? ಅವರ ಜನ, ಕೊರಗರು, ಇದೇ ಜಿಲ್ಲೆಯಲ್ಲಿ ಅಜಲು ಎಂಬ ಕೀಳು ಪದ್ಧತಿಯ ಅವಮಾನವನ್ನು ಎಷ್ಟು ಕಾಲ ಉಂಡರೆಂದರೆ, ಅದನ್ನು ನಿಷೇಧಿಸಲು ವಿಧಾನಸಭೆ 2000ದಲ್ಲಿ ಒಂದು ಕಾಯ್ದೆಯನ್ನೇ ಮಾಡಬೇಕಾಯಿತು. ಕಳೆದುಹೋದ ಕೀಲಿಕೈ ಸಿಗಲಿ, ಮಾರಾಟಕ್ಕಿಟ್ಟ ಜಾಗಕ್ಕೆ ಗಿರಾಕಿ ಬರಲಿ ಎಂದು ನಾವೆಲ್ಲ ಅಜ್ಜನಿಗೆ ಚಕ್ಕುಲಿ ವೀಳ್ಯ ಹರಕೆ ಹೇಳುತ್ತೇವೆ. ಅಜ್ಜನ ಕುಲದ ಮಕ್ಕಳಿಗೆ ಜಾಗವುಂಟೇ, ಕೆಲಸವುಂಟೇ ಎಂದು ವಿಚಾರಿಸುವವರು ಕಡಿಮೆ. ಆ ಪ್ರಶ್ನೆಯನ್ನು ಹಿಂಗಾಜಿನಲ್ಲಿ ಅಂಟಿಸಿಕೊಂಡು ತಿರುಗಲು ತಾವು ಒಪ್ಪುವಿರಾದರೆ ಮೊದಲ ಸ್ಟಿಕ್ಕರು ನಾನೇ ಕೊಳ್ಳುತ್ತೇನೆ.

ಚಿತ್ರ ಮಾಡುವವನ ಪಾಲಿನ ಮಾತನ್ನು ನಮ್ಮ ದೈವಗಳಲ್ಲೇ ಒಬ್ಬರು ತಮ್ಮ ಮೈಯಲ್ಲಿ ಹೊತ್ತಿದ್ದಾರೆ. ಕಲ್ಕುಡ ಶಿಲ್ಪಿ. ಕಾರ್ಕಳದ ಗೊಮ್ಮಟನನ್ನು ಕಡೆದವನು ಅವನೇ ಎನ್ನುತ್ತದೆ ಪಾಡ್ದನ. ಇಂಥದ್ದು ಬೇರೆಲ್ಲೂ ಆಗಬಾರದೆಂದು ಭೈರಸೂಡ ಅರಸ ಅವನ ಎಡಗೈ, ಬಲಗಾಲು ಕಡಿಸಿದ. ಉಳಿದ ಒಂದು ಕೈ ಒಂದು ಕಾಲಿನಲ್ಲೇ ವೇಣೂರಿಗೆ ಹೋಗಿ ಆತ ಇನ್ನೊಂದು ಗೊಮ್ಮಟನನ್ನು ಕಡೆದ. ಚರಿತ್ರೆಯಲ್ಲಿ ಕಾರ್ಕಳದ ಮೂರ್ತಿ 1432ರದು, ವೇಣೂರಿನದು 1604ರದು. ನಡುವೆ 170 ವರ್ಷಗಳಿಗೂ ಹೆಚ್ಚಿನ ಅಂತರ. ಆದರೆ ಪಾಡ್ದನ ಕಟ್ಟಿದವರಿಗೆ ಇಸವಿಗಿಂತ ಆ ಕಡಿದ ಕೈ ಮುಖ್ಯವಾಯಿತು. ಅಣ್ಣನ ಅವಸ್ಥೆ ಕಂಡ ತಂಗಿ ಕಾಳಮ್ಮ ಕಲ್ಲುರ್ಟಿಯಾದಳು, ಇಬ್ಬರೂ ದೈವಗಳಾಗಿ ಅರಸನ ಮನೆಯನ್ನು ಕಾಡಿದರು. ಕಲೆಗಾರನಿಗೆ ಮಾಡಿದ ಅನ್ಯಾಯವೇ ದೈವವಾಗಿ ಎದ್ದು ನಿಂತು ಇವತ್ತಿಗೂ ನೇಮ ಕೇಳುವ ನಾಡು ಇದು. ಲೋಕದ ಎಷ್ಟೋ ದೊಡ್ಡ ಮೂರ್ತಿಗಳ ಹಿಂದೆ ಶಿಲ್ಪಿಯ ಹೆಸರೇ ಇಲ್ಲ. ನಾವು ಶಿಲ್ಪಿಯನ್ನೇ ದೈವಸ್ಥಾನದಲ್ಲಿ ಕೂರಿಸಿದ್ದೇವೆ.

ಇಂಥ ನಾಡಿನಲ್ಲಿ ತಾವು ಮಾರಾಟವಾಗುತ್ತೀರಿ, ಮುಖ ಯಾರದ್ದೆಂದು ಕೇಳದೆ. ನೇಮದಲ್ಲಿ ತೆಗೆದ ಫೋಟೋ ಒಂದು ಇಂಟರ್‌ನೆಟ್ಟಿಗೆ ಬೀಳುತ್ತದೆ. ಅದರಲ್ಲಿರುವುದು ಒಬ್ಬ ಪಂಬದನ ಮುಖ, ಅವನ ಅಪ್ಪ ಕಲಿಸಿದ ಗೆರೆ. ಅದನ್ನೆತ್ತಿ ಬೆಂಕಿ ಸೇರಿಸಿ, ಸ್ನಾಯು ಸೇರಿಸಿ, ತಾವು ಅಂಗಡಿಗೆ ಬರುತ್ತೀರಿ. ಇತ್ತೀಚೆಗೆ ಕಂಪ್ಯೂಟರೇ ಚಿತ್ರ ಹೆಣೆದುಕೊಡುತ್ತದೆ, ಫೋಟೋ ಕೂಡ ಬೇಡ. ಗೆರೆ ಎಳೆದವನಿಗೆ ಎಷ್ಟು ಸಂದಿತು? 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಕೊಡುವುದಾಗಿ ಸರಕಾರ ಘೋಷಿಸಿದ್ದು 2022ರ ಅಕ್ಟೋಬರಿನಲ್ಲಿ, ಸಿನಿಮಾ ಗೆದ್ದ ಮೇಲೆ. ರಾತ್ರಿಯಿಡೀ ಬೆಂಕಿಯೆದುರು ಕುಣಿದು, ಅಣಿಯ ಭಾರ ಹೊತ್ತು, ಮೊಣಕಾಲು ಬೆನ್ನು ಸವೆದವರು ಅವರು. ರಾತ್ರಿ ಗುತ್ತುಮನೆಯ ಯಜಮಾನ ಯಾರೆದುರು ಕೈಮುಗಿದು ನಿಂತಿದ್ದನೋ, ಹಗಲಾದ ಮೇಲೆ ಅದೇ ಮನುಷ್ಯ ಅಂಗಳದಲ್ಲೇ ನಿಲ್ಲಬೇಕಾದ ಮನೆಗಳು ಇನ್ನೂ ಇವೆ. ಆ ತಪ್ಪು ತಮ್ಮದಲ್ಲ, ನಮ್ಮದು. ಆದರೆ ಮುಖವನ್ನು ಮನುಷ್ಯನಿಂದ ಬಿಡಿಸಿ ಗಾಜಿಗೆ ಅಂಟಿಸಿಕೊಟ್ಟು, ಮನುಷ್ಯನನ್ನು ಮರೆಯುವ ಕೆಲಸವನ್ನು ತಾವು ನಮಗೆ ಬಹಳ ಸಲೀಸು ಮಾಡಿದ್ದೀರಿ.

ಚಿತ್ರವನ್ನು ಕಂಡರಾಗದ ಊರು ಮಂಗಳೂರು ಎಂದು ತಾವು ದಯವಿಟ್ಟು ತಿಳಿಯಬಾರದು. ಕದ್ರಿಯ ಮಂಜುನಾಥನ ಸನ್ನಿಧಿಯಲ್ಲಿ ಮೂರು ಮುಖ ಆರು ಕೈಗಳ ಲೋಕೇಶ್ವರನ ಕಂಚಿನ ಮೂರ್ತಿಯಿದೆ. ಆಳುಪ ದೊರೆ ಕುಂದವರ್ಮ ಅದನ್ನು ಸ್ಥಾಪಿಸಿದ್ದು ಕ್ರಿ.ಶ. 968ರಲ್ಲಿ ಎಂದು ಪೀಠದ ಶಾಸನ ಹೇಳುತ್ತದೆ. ಬೌದ್ಧ ವಿಹಾರಕ್ಕೆಂದು ಮಾಡಿದ ಮೂರ್ತಿಯನ್ನು ಶಿವಭಕ್ತರು ಸಾವಿರ ವರ್ಷ ಎಣ್ಣೆ ಹೂವಿಟ್ಟು ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿ ಹೋಗಿ ಆ ಮುಖ ನೋಡಿ ಸ್ವಾಮೀ, ಸಾವಿರ ವರ್ಷದಲ್ಲಿ ಒಮ್ಮೆಯೂ ಹುಬ್ಬು ಗಂಟಿಕ್ಕಿಲ್ಲ. ಲೈಟ್‌ಹೌಸ್ ಹಿಲ್ಲಿನ ಸಂತ ಅಲೋಶಿಯಸ್ ಚಾಪೆಲ್ಲಿನಲ್ಲಿ ಇಟಲಿಯಿಂದ ಬಂದ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರ ತನಕ ಗೋಡೆ, ಚಾವಣಿ ಬಿಡದೆ ಚಿತ್ರ ಬರೆದ. ಇವತ್ತಿಗೂ ಎಲ್ಲ ಮತದ ಮಕ್ಕಳು ಕತ್ತು ಮೇಲೆತ್ತಿ ಅಲ್ಲಿ ನಿಂತು ನೋಡುತ್ತಾರೆ. ಒಬ್ಬೊಬ್ಬ ಸಂತನ ಮುಖವೂ ಬೇರೆ, ಕತೆಯೂ ಬೇರೆ. ಕುದ್ರೋಳಿಯಲ್ಲಿ ದಸರೆಗೆ ಮಾಡಿದ ಶಾರದೆ, ನವದುರ್ಗೆಯರನ್ನು ಊರೆಲ್ಲ ಮೆರೆಸಿ ಕೊನೆಗೆ ನೀರಿಗೆ ಬಿಡುತ್ತೇವೆ. ಕಂಚನ್ನು ಸಾವಿರ ವರ್ಷ ಇಟ್ಟುಕೊಳ್ಳಲೂ ಬಲ್ಲೆವು, ಮಣ್ಣನ್ನು ಕೆಲವೇ ದಿನಕ್ಕೆ ಕಳುಹಿಸಿಕೊಡಲೂ ಬಲ್ಲೆವು.

ನನಗೆ ತೀರ ಹಳೆಯದೊಂದು ಗಾಯವೂ ಇದೆ. ಇಲ್ಲಿ ನ್ಯಾಯಾಧೀಶರಾಗಿದ್ದ ಎ. ಸಿ. ಬರ್ನೆಲ್ ಸಂಗ್ರಹಿಸಿದ ಭೂತಾರಾಧನೆಯ ಕತೆಗಳು 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚಾದಾಗ ತಲೆಬರಹದಲ್ಲೇ ಅದನ್ನು ತುಳುವರ ಪಿಶಾಚಪೂಜೆ ಎಂದು ಕರೆಯಲಾಯಿತು. ಹೊರಗಿನವರು ಒಂದೇ ನೋಟದಲ್ಲಿ ಕಂಡದ್ದು ಭಯಂಕರ ಮುಖವನ್ನು. ಹಾಗಲ್ಲ, ಇದು ನ್ಯಾಯ ಕೇಳುವ ಜಾಗ, ಹಾಡು, ಚರಿತ್ರೆ, ದುಡಿದವರ ನೆನಪು ಎಂದು ತೋರಿಸಿಕೊಡಲು ಅಮೃತ ಸೋಮೇಶ್ವರ, ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರಂಥ ವಿದ್ವಾಂಸರು ಹಾಡುವವರ ಅಂಗಳಕ್ಕೆ ಹೋಗಿ ಕುಳಿತು ಪಾಡ್ದನ ಬರೆದುಕೊಂಡರು, ವರ್ಷಗಟ್ಟಲೆ ದುಡಿದರು. ಅವರು ಇಷ್ಟು ಕಷ್ಟದಿಂದ ಒರೆಸಿದ ಆ ಪಿಶಾಚಿಯ ಮುಖವನ್ನೇ ತಾವು ಮತ್ತೆ, ಅದೂ ನಮ್ಮದೇ ಹೆಮ್ಮೆಯ ಹೆಸರಿನಲ್ಲಿ, ನಮ್ಮದೇ ಕಾರುಗಳ ಮೇಲೆ ಬರೆದುಕೊಟ್ಟಿದ್ದೀರಿ.

ದೀರ್ಘವಾಯಿತು, ಕ್ಷಮೆ ಇರಲಿ. ಕೆಲವು ಬಿನ್ನಹಗಳಿವೆ. ಸಂಪೂರ್ಣ ತೊಲಗಿ ಎಂದು ನಾನು ತಮ್ಮನ್ನು ಕೇಳುವುದಿಲ್ಲ, ಆ ಅಧಿಕಾರ ನನಗಿಲ್ಲ. ದೂರದ ದುಬೈಯಲ್ಲಿ, ಮುಂಬೈಯಲ್ಲಿ ದುಡಿಯುವ ನಮ್ಮವರು ಊರಿನ ದೈವದ ಹೆಸರನ್ನು ಗಾಡಿಯ ಮೇಲೆ ಬರೆಸಿಕೊಂಡರೆ ಅದರಲ್ಲಿ ಒಂದು ಧೈರ್ಯವಿದೆ, ನನಗೆ ಅರ್ಥವಾಗುತ್ತದೆ. ಹಾಗಿದ್ದರೆ ಹೆಸರಷ್ಟೇ ಇರಲಿ, ಒಳ್ಳೆಯ ಅಕ್ಷರದಲ್ಲಿ. ಮುಖ ಬೇಕೇ ಬೇಕಾದರೆ ಯಾವ ಊರಿನ ಯಾವ ದೈವ ಎಂದು ಕೇಳಿಕೊಂಡು, ಆ ದೈವಸ್ಥಾನದವರ, ಆ ಕಟ್ಟುಕಟ್ಟಳೆಯ ಮನೆಯವರ ಒಪ್ಪಿಗೆ ಪಡೆದು ಬನ್ನಿ. ಜುಮಾದಿಗೆ ಎದೆಹಲಗೆ ಹಿಂದಕ್ಕೆ ಕೊಡಿ. ಪಂಜುರ್ಲಿಗೆ ಹಂದಿಯ ಮೂತಿ ಕೊಡಿ. ತನಿಯನ ಮೈಬಣ್ಣ ಕಪ್ಪಾಗಿಯೇ ಇರಲಿ, ಹೊಳೆಯುವ ಹಾಳೆಯಿಂದ ಅವರನ್ನು ದಯವಿಟ್ಟು ಬಿಟ್ಟುಬಿಡಿ. ಒಂದೊಂದು ಸ್ಟಿಕ್ಕರಿನ ಬೆಲೆಯಲ್ಲಿ ಒಂದು ಪಾಲನ್ನು ಆಯಾ ಸೀಮೆಯ ನಲಿಕೆ, ಪರವ, ಪಂಬದರ ಮನೆಗೆ ತಲುಪಿಸುವ ಏರ್ಪಾಡಾಗಲಿ. ಅವರ ಮಕ್ಕಳ ಶಾಲೆಯ ಫೀಸಿಗಾದೀತು, ಹಿರಿಯರ ಮಂಡಿನೋವಿನ ಮದ್ದಿಗಾದೀತು.

ನೇಮಗಳ ಋತು ಮುಗಿಯುವ ದಿನವಾದ ಪತ್ತನಾಜೆ ಕಳೆದರೆ ಗಗ್ಗರ ಒಳಗೆ ಹೋಗುತ್ತದೆ, ಮಳೆಗಾಲದಲ್ಲಿ ಕೋಲ ನೇಮಗಳಿಗೆ ಬಿಡುವು. ಆ ಬಿಡುವಿನಲ್ಲಿ ತಮ್ಮ ಅಂಗಡಿಯವರೊಂದಿಗೆ ಕುಳಿತು ಈ ವಿಷಯ ಚರ್ಚಿಸಿ, ದೀಪಾವಳಿ ಕಳೆದು ಮೊದಲ ನೇಮ ಮೊದಲಾಗುವ ಮುಂಚೆ ನನಗೊಂದು ಉತ್ತರ ಬರೆಯಬೇಕೆಂದು ಕೋರುತ್ತೇನೆ. ನೇಮಕ್ಕೆ ತಾವೂ ಬನ್ನಿ. ಕಾರನ್ನು ದೂರದ ಗದ್ದೆಯಲ್ಲಿ ನಿಲ್ಲಿಸಿ ಬನ್ನಿ. ಮಡಲಿನ ಮರೆಯ ಹೊರಗೆ, ಪಾಡ್ದನ ಕೇಳಿಸುವಷ್ಟು ಹತ್ತಿರದಲ್ಲಿ, ತಮಗೂ ಒಂದು ಚಾಪೆ ಹಾಕಿಸುತ್ತೇನೆ.

ಇತಿ,
ತಮ್ಮ ಹಿಂದಿನ ಗಾಡಿಯಲ್ಲಿ ಕಾಯುತ್ತಿರುವ ಮಂಗಳೂರಿನವನು